ಬಯಲುಸೀಮೆಯಿಂದ ಕಡಲಾಳಕ್ಕೆ: ಮೊದಲ ಸಲ ಸ್ಕೂಬಾ ಮಾಡುವವರು ತಿಳಿದಿರಬೇಕಾದ ಸಂಗತಿಗಳು

ಮಳೆಗಾಲ ಮುಗಿದು ಕಡಲು ತಣ್ಣಗಾದೊಡನೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಕರಾವಳಿಗೆ ಹೊರಡುವ ತಂಡಗಳು ಹೆಚ್ಚುತ್ತವೆ. ಮೊದಲೆಲ್ಲ ಮುರುಡೇಶ್ವರ ಎಂದರೆ ದೇವರ ದರ್ಶನ, ಶಿವನ ದೊಡ್ಡ ಮೂರ್ತಿಯ ಮುಂದೆ ಒಂದು ಫೋಟೊ, ಸಂಜೆ ತೀರದಲ್ಲಿ ಅಡ್ಡಾಟ, ಅಷ್ಟೇ. ಈಗ ಆ ಪಟ್ಟಿಗೆ ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್, ಎಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು, ಸೇರಿದೆ. ಮುರುಡೇಶ್ವರದಿಂದ ದೋಣಿಯಲ್ಲಿ ಗಂಟೆ, ಒಂದೂವರೆ ಗಂಟೆ ಸಾಗಿದರೆ ಸಿಗುವ ಈ ದ್ವೀಪದ ಸುತ್ತ ಹವಳಗಳಿವೆ, ಬಣ್ಣಬಣ್ಣದ ಮೀನುಗಳಿವೆ. ಮೊಬೈಲ್‌ನಲ್ಲಿ ಅದರ ವಿಡಿಯೊ ನೋಡಿದ ಕಾಲೇಜು ಹುಡುಗರು, ಹೊಸದಾಗಿ ಮದುವೆಯಾದವರು, ಕಾರ್ಖಾನೆಯ ಗೆಳೆಯರ ಗುಂಪುಗಳು ಹೆಸರು ನೋಂದಾಯಿಸುತ್ತಿದ್ದಾರೆ.

ಕಡಲಿನ ಪರಿಚಯವಿಲ್ಲದ ನಮ್ಮ ಜಿಲ್ಲೆಗಳಿಗೆ ಅದು ಎಷ್ಟು ಕಠೋರವಾಗಬಲ್ಲದು ಎಂಬುದು ಗೊತ್ತಿದೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆಂದು ಹೋಗಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ತೀರದಲ್ಲಿ ಅಲೆಗಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅದು ಡೈವಿಂಗ್‌ನಲ್ಲಿ ಆದ ದುರಂತವಲ್ಲ. ಆದರೆ ಅಂದಿನಿಂದ ನಮ್ಮ ಕಡೆಯ ಪೋಷಕರಿಗೆ ಸಮುದ್ರ ಎಂದರೆ ಎದೆ ಝಲ್ಲೆನ್ನುತ್ತದೆ. ಮಗ ಅಥವಾ ಮಗಳು ಸ್ಕೂಬಾ ಮಾಡುತ್ತೇನೆ ಎಂದಾಗ ಹಿರಿಯರು ಬೇಡ ಎನ್ನುತ್ತಾರೆ, ಕಿರಿಯರು ಏನೂ ಆಗುವುದಿಲ್ಲ ಎನ್ನುತ್ತಾರೆ. ಅಪಾಯ ಎಲ್ಲಿದೆ, ಎಲ್ಲಿಲ್ಲ ಎಂದು ಸರಿಯಾಗಿ ತಿಳಿದುಕೊಂಡರೆ ಇಬ್ಬರಿಗೂ ಉತ್ತರ ಸಿಗುತ್ತದೆ.

ಬೆನ್ನ ಮೇಲಿನ ಸಿಲಿಂಡರ್‌ನಲ್ಲಿ ಏನಿದೆ?

ಅದು ಆಮ್ಲಜನಕದ ಸಿಲಿಂಡರ್ ಎಂದು ಬಹಳ ಜನ ತಿಳಿದಿದ್ದಾರೆ. ಹೊಸಬರಿಗೆ ಕೊಡುವ ಸಿಲಿಂಡರ್‌ನಲ್ಲಿ ಇರುವುದು ನಾವು ಈಗ ಉಸಿರಾಡುತ್ತಿರುವ ಸಾಮಾನ್ಯ ಗಾಳಿ. ಸುಮಾರು 78 ಭಾಗ ಸಾರಜನಕ, 21 ಭಾಗ ಆಮ್ಲಜನಕ. ಅದನ್ನು ತೇವ ಮತ್ತು ಕೊಳೆ ಇಲ್ಲದಂತೆ ಸೋಸಿ, ಯಂತ್ರದಿಂದ ಒತ್ತಿ ತುಂಬಿರುತ್ತಾರೆ. 12 ಲೀಟರ್ ಸಿಲಿಂಡರ್‌ಗೆ 200 ಬಾರ್ ಒತ್ತಡದಲ್ಲಿ, ಎಂದರೆ ಸಮುದ್ರ ಮಟ್ಟದ ಗಾಳಿಯ ಸುಮಾರು 200 ಪಟ್ಟು ಒತ್ತಡದಲ್ಲಿ, ಗಾಳಿ ತುಂಬಿದರೆ ಸುಮಾರು 2,400 ಲೀಟರ್ ಗಾಳಿ ಅದರೊಳಗೆ ಹಿಡಿಯುತ್ತದೆ. ಶುದ್ಧ ಆಮ್ಲಜನಕವನ್ನು ತುಂಬಿಕೊಂಡು ಆಳಕ್ಕೆ ಇಳಿದರೆ ಅದೇ ವಿಷವಾಗಿ ಮೈ ನಡುಗಿ ಪ್ರಜ್ಞೆ ತಪ್ಪಬಹುದು.

ಇಷ್ಟು ಒತ್ತಡದ ಗಾಳಿಯನ್ನು ನೇರವಾಗಿ ಬಾಯಿಗೆ ಬಿಡಲಾಗದು. ಅದನ್ನು ತಗ್ಗಿಸಿ, ನಾವು ಎಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಕೊಡುವ ಸಾಧನವೇ ರೆಗ್ಯುಲೇಟರ್. ಬಾಯಲ್ಲಿ ಕಚ್ಚಿಕೊಳ್ಳುವ ರಬ್ಬರ್ ತುಂಡು ಅದರ ತುದಿ. 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ಟೊ ಮತ್ತು ಎಮಿಲ್ ಗಾನ್ಯಾನ್ ಇದನ್ನು ಬಳಕೆಗೆ ಬರುವಂತೆ ರೂಪಿಸಿದ ಮೇಲೆಯೇ ಸ್ಕೂಬಾ ಜನಸಾಮಾನ್ಯರ ಕೈಗೆಟುಕಿತು. ಒಬ್ಬರ ಗಾಳಿ ತೀರಿದರೆ ಜೊತೆಗಾರರು ಕೊಡಲೆಂದು ಪ್ರತಿ ಸಿಲಿಂಡರ್‌ಗೆ ಹಳದಿ ಬಣ್ಣದ ಇನ್ನೊಂದು ಕೊಳವೆ ಸಾಮಾನ್ಯವಾಗಿ ಇರುತ್ತದೆ. ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳಿನ ಮಾಪಕ, ಗಾಳಿ ತುಂಬಿಸಿ ತೇಲಲು, ಗಾಳಿ ಬಿಟ್ಟು ಮುಳುಗಲು ನೆರವಾಗುವ ಜಾಕೆಟ್, ಸೊಂಟಕ್ಕೆ ಸೀಸದ ತೂಕ, ಕಣ್ಣು ಮತ್ತು ಮೂಗನ್ನು ಮುಚ್ಚುವ ಮಾಸ್ಕ್, ಕಾಲಿಗೆ ರೆಕ್ಕೆ. ಉಪ್ಪುನೀರು ಬಾವಿಯ ನೀರಿಗಿಂತ ಸಾಂದ್ರವಾದ್ದರಿಂದ ಮೈ ಹೆಚ್ಚು ತೇಲುತ್ತದೆ, ಆ ತೂಕ ಇಲ್ಲದಿದ್ದರೆ ಕೆಳಗೆ ಇಳಿಯುವುದೇ ಕಷ್ಟ.

ನೀರಿನ ಒತ್ತಡ ಎಷ್ಟು ಬೇಗ ಏರುತ್ತದೆ?

ಸಮುದ್ರ ಮಟ್ಟದಲ್ಲಿ ನಮ್ಮ ಮೇಲೆ ಗಾಳಿ ಹೇರುವ ಒತ್ತಡ ಸುಮಾರು 1 ಬಾರ್. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಇನ್ನೊಂದು ಬಾರ್ ಕೂಡುತ್ತದೆ. 10 ಮೀಟರ್‌ನಲ್ಲಿ 2 ಬಾರ್, 20 ಮೀಟರ್‌ನಲ್ಲಿ 3 ಬಾರ್.

ಕೋಲಾರದವರಿಗೆ ಆಳ ಹೊಸದಲ್ಲ. 2001ರಲ್ಲಿ ಮುಚ್ಚಿದ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರ್‌ಗೂ ಹೆಚ್ಚು ಇಳಿದಿತ್ತು. ಅಷ್ಟು ಕೆಳಗೆ ಹೋದರೂ ಗಣಿಯ ಗಾಳಿಯ ಒತ್ತಡ ನೆಲದ ಮೇಲಿನದರ ಒಂದೂವರೆ ಪಟ್ಟನ್ನು ಮುಟ್ಟುವುದಿಲ್ಲ. ಸಮುದ್ರದಲ್ಲಿ ಅದೇ ಏರಿಕೆಗೆ ಐದು ಮೀಟರ್ ಸಾಕು. ನೀರು ಗಾಳಿಗಿಂತ ನೂರಾರು ಪಟ್ಟು ಭಾರ. ಹೀಗಾಗಿ ಸ್ಕೂಬಾದಲ್ಲಿ ‘ಹೆಚ್ಚೇನೂ ಆಳಕ್ಕೆ ಹೋಗಲಿಲ್ಲ’ ಎಂಬ ಮಾತಿಗೆ ಬೆಲೆಯಿಲ್ಲ. ಒತ್ತಡ ದುಪ್ಪಟ್ಟಾಗುವುದು ಮೊದಲ ಹತ್ತು ಮೀಟರ್‌ನಲ್ಲೇ, ಹೊಸಬರು ಓಡಾಡುವುದೂ ಅಲ್ಲೇ.

ಮೈಯ ಬಹುಪಾಲು ನೀರು ಮತ್ತು ಮಾಂಸವಾದ್ದರಿಂದ ಈ ಒತ್ತಡಕ್ಕೆ ಕುಗ್ಗುವುದಿಲ್ಲ. ಕುಗ್ಗುವುದು ಗಾಳಿ ಇರುವ ಜಾಗಗಳು: ಕಿವಿಯ ಒಳಭಾಗ, ಮುಖದ ಮೂಳೆಗಳ ನಡುವಿನ ಸೈನಸ್ ಪೊಳ್ಳುಗಳು, ಶ್ವಾಸಕೋಶ, ಮಾಸ್ಕ್‌ನೊಳಗಿನ ಗಾಳಿ. ಡೈವಿಂಗ್‌ನ ಬಹುತೇಕ ನಿಯಮಗಳು ಹುಟ್ಟಿರುವುದು ಈ ನಾಲ್ಕು ಜಾಗಗಳಿಂದ.

ಕಿವಿ ಏಕೆ ನೋಯುತ್ತದೆ?

ಆಗುಂಬೆ ಅಥವಾ ಶಿರಾಡಿ ಘಾಟಿ ಇಳಿಯುವಾಗ ಕಿವಿ ಗವ್ವೆನ್ನುವುದು ಎಲ್ಲರಿಗೂ ಗೊತ್ತು. ಹೊರಗಿನ ಒತ್ತಡ ಏರಿ ತಮಟೆಯನ್ನು ಒಳಕ್ಕೆ ಒತ್ತುತ್ತದೆ, ಎಂಜಲು ನುಂಗಿದರೆ ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆದು ಸರಿಹೋಗುತ್ತದೆ. ನೀರಿನಲ್ಲೂ ಆಗುವುದು ಇದೇ, ಆದರೆ ಅತಿ ಬೇಗ. ಒಂದು ಮೀಟರ್ ಇಳಿಯುವಷ್ಟರಲ್ಲೇ ಒತ್ತು ತಿಳಿಯುತ್ತದೆ.

ಪರಿಹಾರ: ಮಾಸ್ಕ್‌ನ ಮೇಲಿಂದ ಮೂಗು ಹಿಡಿದು, ಬಾಯಿ ಮುಚ್ಚಿ, ಮೂಗಿನಿಂದ ಮೆಲ್ಲಗೆ ಗಾಳಿ ಊದುವುದು. ನೋವು ಬರುವ ಮೊದಲೇ, ಪ್ರತಿ ಅರ್ಧ ಅಥವಾ ಒಂದು ಮೀಟರ್‌ಗೆ ಹೀಗೆ ಮಾಡಬೇಕು. ನೋವು ಬಂದ ಮೇಲೆ ಜೋರಾಗಿ ಊದಿದರೆ ತಮಟೆ ಹರಿಯಬಹುದು. ಕಿವಿ ಬಿಡದಿದ್ದರೆ ಒಂದಿಷ್ಟು ಮೇಲಕ್ಕೆ ಬಂದು ಮತ್ತೆ ಪ್ರಯತ್ನಿಸಬೇಕು. ಆಗಲೂ ಆಗದಿದ್ದರೆ ಅಂದಿನ ಡೈವ್ ಅಲ್ಲಿಗೆ ಮುಗಿಯಿತು. ನೆಗಡಿ ಇದ್ದಾಗ ಆ ನಾಳ ಊದಿಕೊಂಡಿರುತ್ತದೆ. ಆದ್ದರಿಂದ ಶೀತ ಆದವರು ದೋಣಿಯಲ್ಲೇ ಕುಳಿತಿರುವುದು ಮೇಲು. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದರೆ ನೀರಿನೊಳಗೆ ಮದ್ದಿನ ಕಾವು ಇಳಿದು, ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುವ ಸಾಧ್ಯತೆ ಇದೆ. ಆಳದಲ್ಲಿ ಮಾಸ್ಕ್ ಮುಖಕ್ಕೆ ಕಚ್ಚಿಕೊಂಡಂತಾದರೆ ಮೂಗಿನಿಂದ ಸ್ವಲ್ಪ ಉಸಿರು ಬಿಟ್ಟರಾಯಿತು, ಸಡಿಲವಾಗುತ್ತದೆ.

ಬಾವಿಯಲ್ಲಿ ಈಜು ಕಲಿತವರು ಇದನ್ನು ಎರಡು ಸಲ ಓದಿ

ನಮ್ಮ ಕಡೆ ಈಜು ಬಲ್ಲ ಹಿರಿಯರಲ್ಲಿ ಹೆಚ್ಚಿನವರು ಕಲಿತದ್ದು ತೆರೆದ ಬಾವಿಯಲ್ಲಿ. ಉಸಿರು ಕಟ್ಟಿ ಧುಮುಕಿ, ತಳದ ಮಣ್ಣು ಹಿಡಿದು ತಂದವನೇ ಗಟ್ಟಿಗ. ಉಸಿರು ಕಟ್ಟುವ ಈ ಅಭ್ಯಾಸ ಮೈಗೆ ಎಷ್ಟು ಅಂಟಿರುತ್ತದೆ ಎಂದರೆ, ನೀರಿನೊಳಗೆ ಗಾಬರಿಯಾದಾಗ ತಾನಾಗಿ ಎದ್ದುಬರುತ್ತದೆ. ಸ್ಕೂಬಾದಲ್ಲಿ ಜೀವ ತೆಗೆಯಬಲ್ಲ ಮೊದಲ ತಪ್ಪು ಇದೇ.

ಏಕೆ ಎಂದು ನೋಡೋಣ. ಬಾವಿಗೆ ಧುಮುಕುವವನು ಗಾಳಿ ಎಳೆದುಕೊಳ್ಳುವುದು ದಡದಲ್ಲಿ. ಕೆಳಗೆ ಹೋದಂತೆ ಆ ಗಾಳಿ ಎದೆಯೊಳಗೆ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿದ್ದ ಅಳತೆಗೆ ಮರಳುತ್ತದೆ. ಎದೆಗೆ ಹೆಚ್ಚಿನ ಹೊರೆ ಇಲ್ಲ. ಸ್ಕೂಬಾದಲ್ಲಿ ಹಾಗಲ್ಲ. 10 ಮೀಟರ್ ಆಳದಲ್ಲಿ ರೆಗ್ಯುಲೇಟರ್ ಕೊಡುವುದು 2 ಬಾರ್ ಒತ್ತಡದ ಗಾಳಿ. ಅಲ್ಲಿ ಎದೆ ತುಂಬ ಉಸಿರೆಳೆದು, ಬಾಯಿ ಬಿಗಿಹಿಡಿದು ಮೇಲಕ್ಕೆ ಬಂದರೆ ಅದೇ ಗಾಳಿ ಎರಡು ಪಟ್ಟು ಜಾಗ ಕೇಳುತ್ತದೆ. ನಂದಿ ಬೆಟ್ಟದ ಮೇಲಿನ ಅಂಗಡಿಗಳಲ್ಲಿ ಚಿಪ್ಸ್ ಪೊಟ್ಟಣಗಳು ಉಬ್ಬಿ ಬಿರಿಯುವಂತೆ ನಿಂತಿರುವುದನ್ನು ನೋಡಿರುತ್ತೀರಿ. ಕೆಳಗೆ ತುಂಬಿ ಮುಚ್ಚಿದ ಗಾಳಿ, ಹೊರಗಿನ ಒತ್ತಡ ಕಡಿಮೆಯಾದೊಡನೆ ಹಿಗ್ಗಿದೆ. ಪೊಟ್ಟಣ ಅಲ್ಲಿ ಎದುರಿಸುವುದು ಕೆಲವು ಶತಾಂಶದ ಬದಲಾವಣೆಯನ್ನು, ಶ್ವಾಸಕೋಶ ಇಲ್ಲಿ ಎದುರಿಸುವುದು ದುಪ್ಪಟ್ಟನ್ನು.

ಶ್ವಾಸಕೋಶದ ಗೋಡೆಗಳು ಬಹಳ ತೆಳು. ಹಿಗ್ಗುವ ಮಿತಿ ಮೀರಿದರೆ ಹರಿಯುತ್ತವೆ. ಸೋರಿದ ಗಾಳಿ ಎದೆಗೂಡಿನೊಳಗೆ ಸೇರಿ ಶ್ವಾಸಕೋಶವನ್ನು ಕುಸಿಯುವಂತೆ ಮಾಡಬಹುದು, ರಕ್ತಕ್ಕೆ ಸೇರಿ ಗುಳ್ಳೆಯಾಗಿ ಮಿದುಳಿನ ರಕ್ತನಾಳವನ್ನು ಮುಚ್ಚಬಹುದು. ಇದಕ್ಕೆ ಬಹಳ ಆಳ ಬೇಕಿಲ್ಲ. ತುಂಬಿದ ಎದೆಯಲ್ಲಿ ಉಸಿರು ಹಿಡಿದು ಒಂದೆರಡು ಮೀಟರ್ ಮೇಲೆ ಬಂದರೂ ಆಗಬಹುದು, ಎಂದರೆ ಈಜುಕೊಳದ ತರಬೇತಿಯಲ್ಲೂ ಆಗಬಹುದು.

ಆದ್ದರಿಂದಲೇ ಜಗತ್ತಿನ ಎಲ್ಲ ಡೈವಿಂಗ್ ಶಾಲೆಗಳೂ ಹೇಳಿಕೊಡುವ ಮೊದಲ ಪಾಠ ಒಂದೇ: ಎಂದಿಗೂ ಉಸಿರು ಕಟ್ಟಬೇಡಿ. ನಿಧಾನವಾಗಿ ಎಳೆಯಿರಿ, ನಿಧಾನವಾಗಿ ಬಿಡಿ, ನಿಲ್ಲಿಸಬೇಡಿ. ರೆಗ್ಯುಲೇಟರ್ ಬಾಯಿಂದ ಜಾರಿದರೂ ಬಾಯಿಂದ ಸಣ್ಣಗೆ ಗುಳ್ಳೆ ಬಿಡುತ್ತಲೇ ಅದನ್ನು ಹುಡುಕಿ ಮತ್ತೆ ಕಚ್ಚಬೇಕು. ಎಷ್ಟೇ ಭಯವಾದರೂ ಬಾಣದಂತೆ ಮೇಲಕ್ಕೆ ನುಗ್ಗಬಾರದು. ನಿಮಿಷಕ್ಕೆ 9 ಮೀಟರ್‌ಗಿಂತ ಬೇಗ ಏರಬೇಡಿ ಎಂಬುದು ಇಂದು ವ್ಯಾಪಕವಾಗಿ ಪಾಲಿಸುವ ಮಿತಿ. ಬಿಟ್ಟ ಸಣ್ಣ ಗುಳ್ಳೆಗಳಿಗಿಂತ ಬೇಗ ಮೇಲೇರಬಾರದು ಎಂಬುದು ಹಳೆಯ ಡೈವರ್‌ಗಳ ರೂಢಿ.

ಕೆರೆ ದಾಟಬಲ್ಲ ಈಜುಗಾರನಿಗಿಂತ, ಈಜೇ ಬಾರದ ಆದರೆ ಸಮಾಧಾನದ ಸ್ವಭಾವದ ಹೆಣ್ಣುಮಗಳು ಮೊದಲ ಡೈವ್‌ನಲ್ಲಿ ಹೆಚ್ಚು ಸುರಕ್ಷಿತವಾಗಿರುವುದು ಸಾಧ್ಯ. ಇಲ್ಲಿ ತೋಳ್ಬಲಕ್ಕಿಂತ ಉಸಿರಿನ ಹದ ಮುಖ್ಯ. ಗಾಬರಿಯಾದವರು ಗಾಳಿಯನ್ನೂ ಬೇಗ ಖಾಲಿ ಮಾಡುತ್ತಾರೆ. 10 ಮೀಟರ್‌ನಲ್ಲಿ ಪ್ರತಿ ಉಸಿರಿಗೂ ಮೇಲ್ಮೈಗಿಂತ ಎರಡು ಪಟ್ಟು ಗಾಳಿ ಖರ್ಚಾಗುತ್ತದೆ ಎಂಬುದು ನೆನಪಿರಲಿ. ಮಾಪಕದಲ್ಲಿ 50 ಬಾರ್ ಉಳಿದಿರುವಾಗಲೇ ಮೇಲೆ ತಲುಪಿರಬೇಕು.

ಹೆಬ್ಬೆರಳು ತೋರಿಸಬೇಡಿ

ನೀರೊಳಗೆ ಮಾತಿಲ್ಲ, ಕೈಸನ್ನೆಯೇ ಎಲ್ಲ. ದಿನನಿತ್ಯ ನಾವು ‘ಎಲ್ಲ ಸರಿ’ ಎನ್ನಲು ಎತ್ತುವ ಹೆಬ್ಬೆರಳಿಗೆ ಅಲ್ಲಿ ‘ಮೇಲಕ್ಕೆ ಹೋಗೋಣ’ ಎಂಬ ಅರ್ಥ. ಖುಷಿಯಲ್ಲಿ ಹೆಬ್ಬೆರಳೆತ್ತಿ, ಮಾರ್ಗದರ್ಶಕ ಮೇಲಕ್ಕೆ ಕರೆದೊಯ್ದು, ಡೈವ್ ಅರ್ಧಕ್ಕೆ ಮುಗಿಸಿಕೊಂಡವರು ಇದ್ದಾರೆ. ಸರಿಯಾಗಿದ್ದೇನೆ ಎನ್ನಲು ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ಸುತ್ತು ಮಾಡಿ ತೋರಿಸಬೇಕು. ಚಾಚಿದ ಅಂಗೈಯನ್ನು ಅತ್ತಿತ್ತ ವಾಲಿಸಿದರೆ ಏನೋ ಸರಿಯಿಲ್ಲ ಎಂದು. ಜೊತೆಗೆ ಕಿವಿಯನ್ನೋ ಮಾಸ್ಕನ್ನೋ ಮುಟ್ಟಿ ತೋರಿಸಿದರೆ ತೊಂದರೆ ಎಲ್ಲಿ ಎಂದು ತಿಳಿಯುತ್ತದೆ. ಕತ್ತು ಕೊಯ್ಯುವಂತೆ ಕೈ ಅಡ್ಡ ಎಳೆದರೆ ಗಾಳಿ ತೀರಿದೆ ಎಂದರ್ಥ. ಇವಿಷ್ಟನ್ನು ದೋಣಿ ಹತ್ತುವ ಮುಂಚೆ ಮಾರ್ಗದರ್ಶಕರ ಮುಂದೆ ಮಾಡಿ ತೋರಿಸಿ.

ಕಡಲಿನ ಸ್ವಭಾವ

ಹೆಚ್ಚಿನವರನ್ನು ಮೊದಲು ಕಾಡುವುದು ದೋಣಿ. ನಿಂತ ದೋಣಿ ಅಲೆಗೆ ಓಲಾಡುವಾಗ ಹೊಟ್ಟೆ ತೊಳಸುತ್ತದೆ. ಬೆಳಿಗ್ಗೆ ಎಣ್ಣೆ ತಿಂಡಿ ಬಿಟ್ಟು ಎರಡು ಇಡ್ಲಿಯಂಥ ಹಗುರ ಆಹಾರ ತಿನ್ನಿ, ದಿಗಂತದ ಕಡೆ ದೃಷ್ಟಿ ಇಡಿ. ಹಿಂದಿನ ರಾತ್ರಿ ಮದ್ಯ ಬೇಡ. ಮೈಯಲ್ಲಿ ನೀರಿನಂಶ ಕಡಿಮೆಯಾದರೆ ಮುಂದೆ ಹೇಳುವ ಸಾರಜನಕದ ತೊಂದರೆಗೂ ದಾರಿಯಾಗುತ್ತದೆ.

ಕೆರೆಯ ನೀರು ನಿಂತಿರುತ್ತದೆ, ಕಡಲು ನಿಲ್ಲುವುದಿಲ್ಲ. ದ್ವೀಪದ ಸುತ್ತ ಸೆಳೆತವಿದ್ದರೆ ಅದರ ವಿರುದ್ಧ ಈಜಿ ದಣಿಯುವುದು ವ್ಯರ್ಥ. ಮಾರ್ಗದರ್ಶಕರ ಜೊತೆಗಿದ್ದು ದೋಣಿ ಬಂದು ಎತ್ತಿಕೊಳ್ಳುವವರೆಗೆ ಜಾಕೆಟ್ ತುಂಬಿಸಿ ತೇಲಬೇಕು. ದಡದಲ್ಲಿಯ ಅಪಾಯವೇ ಬೇರೆ. ಅಲೆಗಳು ತಂದು ಸುರಿದ ನೀರು ಒಂದು ಕಿರಿದಾದ ಪಟ್ಟಿಯಲ್ಲಿ ಕಡಲಿಗೆ ಮರಳುವಾಗ ನಿಂತವರನ್ನು ಎಳೆದೊಯ್ಯುತ್ತದೆ. ಅದಕ್ಕೆ ಸಿಕ್ಕಿದವರು ದಡದತ್ತ ನೇರವಾಗಿ ಈಜದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಸೆಳೆತದಿಂದ ಹೊರಬರಬೇಕು. ಡೈವಿಂಗ್‌ನಲ್ಲಿ ಪಕ್ಕದಲ್ಲೇ ತರಬೇತುದಾರ ಇರುತ್ತಾನೆ, ಸಂಜೆ ತೀರದಲ್ಲಿ ಆಡುವಾಗ ಯಾರೂ ಇರುವುದಿಲ್ಲ. ಜೀವರಕ್ಷಕ ಸಿಬ್ಬಂದಿ ಬೇಡ ಎಂದ ಕಡೆ ಮೊಣಕಾಲು ನೀರಿಗೂ ಇಳಿಯಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಕೆರಳಿರುತ್ತದೆ, ನೇತ್ರಾಣಿಯ ಡೈವಿಂಗ್ ಆಗ ನಡೆಯುವುದಿಲ್ಲ. ಉಳಿದ ತಿಂಗಳುಗಳಲ್ಲೂ ಗಾಳಿ ಎದ್ದರೆ ರದ್ದಾಗುತ್ತದೆ. ಹಣ ಕಟ್ಟಿದ್ದೇವೆ, ಹೋಗಲೇಬೇಕು ಎಂದು ಹಟ ಹಿಡಿಯುವ ಗುಂಪುಗಳೇ ನಡೆಸುವವರನ್ನು ತಪ್ಪು ತೀರ್ಮಾನಕ್ಕೆ ದೂಡುತ್ತವೆ.

ನೀರೊಳಗೆ ವಸ್ತುಗಳು ಹತ್ತಿರ ಮತ್ತು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತವೆ. ಹಾಗಾಗಿ ಹೊಸಬರು ಕಂಡ ಮೀನಿನ ಗಾತ್ರದ ವರ್ಣನೆಯಲ್ಲಿ ಸ್ವಲ್ಪ ಉಬ್ಬರ ಸಹಜ. ಏನನ್ನೂ ಮುಟ್ಟಬೇಡಿ. ಬಂಡೆಯಂತೆಯೇ ಕಾಣುವ ಕಲ್ಲುಮೀನು, ಚೆಲುವಾದ ಸಿಂಹಮೀನು, ಮುಳ್ಳುಚೆಂಡಿನಂಥ ಕಡಲ ಚೆಂಡು ಇವು ಚುಚ್ಚುವುದು ತಮ್ಮ ರಕ್ಷಣೆಗಾಗಿ. ಹವಳದ ತುಂಡನ್ನು ನೆನಪಿಗೆಂದು ಕಿತ್ತು ತರುವುದು ಅಪರಾಧ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹುಲಿಯ ಜೊತೆಗೇ ಹವಳವೂ ಇದೆ.

ಯಾರು ಇಳಿಯಬಾರದು?

ನೋಂದಣಿಯ ವೇಳೆ ಆರೋಗ್ಯದ ಪ್ರಶ್ನೆಗಳ ಒಂದು ಹಾಳೆ ಕೊಡುತ್ತಾರೆ. ಎಲ್ಲಕ್ಕೂ ‘ಇಲ್ಲ’ ಎಂದು ಗೀಚಿ ಸಹಿ ಹಾಕುವುದು ನಮ್ಮಲ್ಲಿ ರೂಢಿಯಾಗಿದೆ. ಅದು ಕಚೇರಿಯ ಕಾಗದವಲ್ಲ, ವೈದ್ಯಕೀಯ ತಪಾಸಣೆ. ಉಬ್ಬಸ, ಹೃದಯದ ಕಾಯಿಲೆ, ಮೂರ್ಛೆರೋಗ, ಕಿವಿಯ ಶಸ್ತ್ರಚಿಕಿತ್ಸೆ, ಎಂದಾದರೂ ಶ್ವಾಸಕೋಶ ಕುಸಿದಿದ್ದ ಇತಿಹಾಸ ಇವುಗಳಲ್ಲಿ ಯಾವುದಿದ್ದರೂ ಊರಲ್ಲೇ ವೈದ್ಯರ ಒಪ್ಪಿಗೆ ಪಡೆದು ಹೊರಡಬೇಕು. ಗರ್ಭಿಣಿಯರು ಇಳಿಯಲೇಬಾರದು. ಕ್ಷಯ ವಾಸಿಯಾಗಿದ್ದರೂ ಶ್ವಾಸಕೋಶದಲ್ಲಿ ಕಲೆ ಉಳಿದಿರಬಹುದು, ಅಲ್ಲಿ ಗಾಳಿ ಸಿಕ್ಕಿಕೊಂಡು ಮೇಲೆ ಬರುವಾಗ ಹಿಗ್ಗಬಹುದು. ಗಣಿ, ಕ್ವಾರಿ, ಕಲ್ಲು ಕತ್ತರಿಸುವ ಕೆಲಸ ಮಾಡಿ ಧೂಳು ಕುಡಿದವರಿಗೂ ಇದೇ ಮಾತು. ನಮ್ಮ ಜಿಲ್ಲೆಗಳಲ್ಲಿ ಅಂಥವರು ಕಡಿಮೆಯಿಲ್ಲ.

ಪ್ರಯೋಗದ ಡೈವ್, ತರಬೇತಿಯ ಡೈವ್

ಒಂದು ದಿನದ ಅನುಭವ ಡೈವ್‌ಗೆ ಮೊದಲೇ ಕಲಿತಿರಬೇಕಿಲ್ಲ. ತರಬೇತುದಾರ ಹಿಡಿದುಕೊಂಡೇ ಇರುತ್ತಾರೆ, ಅಂತರರಾಷ್ಟ್ರೀಯ ಸಂಸ್ಥೆ ಪ್ಯಾಡಿ ಇದಕ್ಕೆ ಇಟ್ಟಿರುವ ಮಿತಿ 12 ಮೀಟರ್. ಸ್ವತಂತ್ರವಾಗಿ, ಜೊತೆಗಾರರೊಂದಿಗೆ ಇಳಿಯಬೇಕಾದರೆ ಮೂರು ನಾಲ್ಕು ದಿನಗಳ ‘ಓಪನ್ ವಾಟರ್’ ತರಬೇತಿ ಬೇಕು. ಅದಾದ ಮೇಲಿನ ಮಿತಿ 18 ಮೀಟರ್. ಅದಕ್ಕೆ ಈಜು ಕಡ್ಡಾಯ.

ದರ ಕೇಳುವ ಮುಂಚೆ ಇಷ್ಟು ಕೇಳಿ: ನೀರೊಳಗೆ ಒಬ್ಬ ತರಬೇತುದಾರರಿಗೆ ಎಷ್ಟು ಜನ? ಅವರ ಪ್ರಮಾಣಪತ್ರ ಯಾವುದು? ದೋಣಿಯಲ್ಲಿ ತುರ್ತು ಆಮ್ಲಜನಕ ಇದೆಯೇ? ದಡದ ಬಳಿ ಆಳವಿಲ್ಲದ ನೀರಿನಲ್ಲಿ ಮೊದಲು ಅಭ್ಯಾಸ ಮಾಡಿಸುತ್ತಾರೆಯೇ? ಉತ್ತರದಲ್ಲಿ ತಡವರಿಕೆ ಕಂಡರೆ ಬೇರೆ ಕಡೆ ನೋಡಿ. ವಿಡಿಯೊ ಉಚಿತವೇ ಎಂಬ ಪ್ರಶ್ನೆ ಕೊನೆಗಿರಲಿ.

ಸಾರಜನಕ ಎಂಬ ಮೌನಿ

ಗಾಳಿಯ ಬಹುಭಾಗವಾದ ಸಾರಜನಕವನ್ನು ಮೈ ಬಳಸುವುದಿಲ್ಲ. ಆದರೆ ಒತ್ತಡದಲ್ಲಿ ಉಸಿರಾಡಿದಾಗ ಅದು ಹೆಚ್ಚು ಹೆಚ್ಚಾಗಿ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗುತ್ತದೆ. ಎಷ್ಟು ಆಳ, ಎಷ್ಟು ಹೊತ್ತು ಎಂಬುದರ ಮೇಲೆ ಪ್ರಮಾಣ ನಿಲ್ಲುತ್ತದೆ. ಮೆಲ್ಲಗೆ ಮೇಲೆ ಬಂದರೆ ಉಸಿರಿನ ಮೂಲಕ ಹೊರಹೋಗುತ್ತದೆ. ಅವಸರದಲ್ಲಿ ಬಂದರೆ ಕರಗಿದ್ದು ಮೈಯೊಳಗೇ ಗುಳ್ಳೆಗಟ್ಟುತ್ತದೆ. ಕೀಲುನೋವು, ಚರ್ಮದಲ್ಲಿ ತುರಿಕೆ ಅಥವಾ ಕಲೆ, ಕೈಕಾಲು ಜೋಮು, ತಲೆಸುತ್ತು, ಅತಿಯಾದ ಸುಸ್ತು ಇದರ ಲಕ್ಷಣಗಳು. ಇದನ್ನೇ ಡಿಕಂಪ್ರೆಷನ್ ಕಾಯಿಲೆ ಎನ್ನುತ್ತಾರೆ. ಮೇಲೆ ಬರುವ ಮುನ್ನ 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುವ ಪದ್ಧತಿ ಇರುವುದು ಇದಕ್ಕಾಗಿ. ಮಾರ್ಗದರ್ಶಕರು ಅಲ್ಲಿ ಸುಮ್ಮನೆ ನಿಲ್ಲಿಸಿದರೆ ಸಮಯ ಹಾಳು ಎಂದುಕೊಳ್ಳಬೇಡಿ.

ಘಟ್ಟ ಹತ್ತುವುದಕ್ಕೆ ಮುನ್ನ

ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಎಂಬುದನ್ನು ಹಲವರು ಕೇಳಿದ್ದಾರೆ. ಎತ್ತರದಲ್ಲಿ ಹೊರಗಿನ ಒತ್ತಡ ಇನ್ನೂ ಇಳಿದು, ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಗಟ್ಟಲು ಅನುವಾಗುತ್ತದೆ. ವ್ಯಾಪಕವಾಗಿ ಪಾಲಿಸುವ ಸಲಹೆ ಹೀಗಿದೆ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಈ ಸಲಹೆ ಅನ್ವಯವಾಗುವುದು ಸುಮಾರು 600 ಮೀಟರ್‌ನಿಂದ 2,400 ಮೀಟರ್ ಎತ್ತರಕ್ಕೆ ಸಮನಾದ ಒತ್ತಡಕ್ಕೆ.

ಈಗ ನಮ್ಮ ಊರುಗಳನ್ನು ನೋಡಿ. ತುಮಕೂರು ಮತ್ತು ಕೋಲಾರ ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಮೇಲಿವೆ, ಚಿಕ್ಕಬಳ್ಳಾಪುರ ಸುಮಾರು 900 ಮೀಟರ್. ನಂದಿ ಬೆಟ್ಟ 1,478 ಮೀಟರ್. ಸಕಲೇಶಪುರದ ದಾರಿಯಲ್ಲಿ ಬಂದರೆ ಘಟ್ಟ ಹತ್ತಿದ ಕೂಡಲೇ 900 ಮೀಟರ್ ಆಸುಪಾಸು ತಲುಪಿರುತ್ತೇವೆ. ಕರಾವಳಿಯವರು ಡೈವ್ ಮುಗಿಸಿ ಮನೆಗೆ ಹೋದರೆ ಸಮುದ್ರ ಮಟ್ಟದಲ್ಲೇ ಇರುತ್ತಾರೆ. ನಾವು ಮನೆಗೆ ಹೋಗುವುದೆಂದರೆ ಮತ್ತೆ ಮೇಲೇರುವುದು. ಹಣ ಉಳಿಸಲು ಮಧ್ಯಾಹ್ನ ಡೈವ್ ಮುಗಿಸಿ ಸಂಜೆಯ ಬಸ್ಸಿಗೇ ಹತ್ತುವ ತಂಡಗಳಿಗೆ ಇದನ್ನು ಯಾರೂ ಹೇಳುವುದಿಲ್ಲ.

ಹೆದರಿಸುವ ಉದ್ದೇಶ ನನಗಿಲ್ಲ. ಏಳೆಂಟು ಮೀಟರ್‌ನಲ್ಲಿ ಇಪ್ಪತ್ತು ನಿಮಿಷ ಕಳೆದು ಬಂದವರ ಮೈಯಲ್ಲಿ ಉಳಿಯುವ ಸಾರಜನಕ ಅಲ್ಪ, ಅಪಾಯವೂ ಅಲ್ಪವೇ. ಆದರೆ ತರಬೇತಿಗೆ ಹೋಗಿ ಎರಡು ದಿನಗಳಲ್ಲಿ ನಾಲ್ಕು ಸಲ 12, 15, 18 ಮೀಟರ್ ಇಳಿದವರ ಲೆಕ್ಕ ಬೇರೆ. ಅಂಥವರು ಕೊನೆಯ ಡೈವ್ ಆದ ರಾತ್ರಿ ಕರಾವಳಿಯಲ್ಲೇ ತಂಗಿ, ಮರುದಿನ ಹೊರಡುವಂತೆ ಪ್ರವಾಸ ಹೆಣೆಯಬೇಕು. ಅನುಭವ ಡೈವ್ ಮಾಡುವವರಿಗೂ ಸುಲಭ ದಾರಿ ಇದೆ: ಮೊದಲ ದಿನ ಡೈವ್, ಎರಡನೇ ದಿನ ದೇವಸ್ಥಾನ ಮತ್ತು ಇಡಗುಂಜಿ, ಆಮೇಲೆ ಬಸ್ಸು. ಕ್ರಮ ತಿರುಗಿಸಿದರೆ ಸಾಕು, ಖರ್ಚೇನೂ ಹೆಚ್ಚಾಗುವುದಿಲ್ಲ.

ಊರಿಗೆ ಬಂದ ಮೇಲೆ ನೋವು ಕಂಡರೆ

ಲಕ್ಷಣಗಳು ಬಹುತೇಕ ಮೊದಲ 24 ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ, ಎಂದರೆ ಶಿರಾದಲ್ಲೋ ಚಿಂತಾಮಣಿಯಲ್ಲೋ ಮನೆಯ ಮಂಚದ ಮೇಲಿರುವಾಗ. ಭುಜ ನೋವನ್ನು ಬಸ್ಸಿನ ಪ್ರಯಾಣದ ತಲೆಗೆ ಕಟ್ಟಿ, ಎಣ್ಣೆ ತಿಕ್ಕಿ ಮಲಗುವ ಸಾಧ್ಯತೆಯೇ ಹೆಚ್ಚು. ಆಸ್ಪತ್ರೆಗೆ ಹೋದರೂ, ಕಡಲಿನಿಂದ ಇಷ್ಟು ದೂರದಲ್ಲಿ ವೈದ್ಯರಿಗೆ ಡೈವಿಂಗ್‌ನ ನೆನಪಾಗುವ ಕಾರಣವಿಲ್ಲ. ಆದ್ದರಿಂದ ಮೊದಲ ಮಾತಾಗಿ ನೀವೇ ಹೇಳಬೇಕು: ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಆಳಕ್ಕೆ, ಎಷ್ಟು ನಿಮಿಷ ಇಳಿದಿದ್ದೆ, ಎಷ್ಟು ಸಲ. ಇದನ್ನು ದೋಣಿಯಲ್ಲೇ ಮಾರ್ಗದರ್ಶಕರಿಂದ ಕೇಳಿ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ, ಅವರ ಫೋನ್ ಸಂಖ್ಯೆಯನ್ನೂ ಸೇರಿಸಿ.

ಮೊದಲ ಚಿಕಿತ್ಸೆ ಶುದ್ಧ ಆಮ್ಲಜನಕ, ಮಟ್ಟಸವಾಗಿ ಮಲಗಿಸುವುದು, ಎಚ್ಚರವಿದ್ದರೆ ನೀರು ಕುಡಿಸುವುದು. ಆಮ್ಲಜನಕ ಯಾವ ಆಸ್ಪತ್ರೆಯಲ್ಲೂ ಸಿಗುತ್ತದೆ, 108 ಆಂಬುಲೆನ್ಸ್‌ನಲ್ಲೂ ಇರುತ್ತದೆ. ಪೂರ್ಣ ಚಿಕಿತ್ಸೆಗೆ ಒತ್ತಡದ ಕೋಣೆ ಬೇಕಾಗುತ್ತದೆ. ಅದರೊಳಗೆ ರೋಗಿಯ ಸುತ್ತಲಿನ ಒತ್ತಡವನ್ನು ಮತ್ತೆ ಏರಿಸಿ, ಗುಳ್ಳೆಗಳು ಕುಗ್ಗಿದ ಮೇಲೆ ಗಂಟೆಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ಇಂಥ ಕೋಣೆಗಳಿರುವುದು ನೌಕಾಪಡೆಯ ಆಸ್ಪತ್ರೆಗಳಲ್ಲಿ ಮತ್ತು ದೊಡ್ಡ ನಗರಗಳ ಕೆಲವೇ ಆಸ್ಪತ್ರೆಗಳಲ್ಲಿ. ಎಲ್ಲಿಗೆ ಕಳುಹಿಸಬೇಕು ಎಂಬ ಹುಡುಕಾಟಕ್ಕೇ ಹೊತ್ತು ಹಿಡಿಯುತ್ತದೆ. ಅಷ್ಟರವರೆಗೆ, ನೋವು ಇಳಿದಂತೆ ಕಂಡರೂ ಆಮ್ಲಜನಕ ತೆಗೆಯದಂತೆ ವೈದ್ಯರನ್ನು ಕೇಳಿಕೊಳ್ಳಿ.